ಅವನ ಹೆಸರಿನ ಸಾವಿರದೈನೂರು ಮೀಟರ್

ಇಬ್ಬರು ಕನ್ನಡಿಗ ಎಂಜಿನಿಯರುಗಳು ಆಸ್ಟ್ರೇಲಿಯಾದ ಯಾವ ಮೂಲೆಯಲ್ಲಿ ಎದುರಾದರೂ ಮೊದಲು ಕೇಳುವುದು ಯಾವ ಊರು ಎಂದು, ಆಮೇಲೆ ಯಾವ ಕಾಲೇಜು ಎಂದು, ಅದಾದ ಮೇಲೆ ಯಾವ ಬ್ಯಾಚು ಎಂದು. ಬ್ಯಾಚು ಗೊತ್ತಾದ ಮರುಕ್ಷಣವೇ ಒಬ್ಬ ಸೀನಿಯರ್ ಆಗಿಬಿಡುತ್ತಾನೆ, ಇನ್ನೊಬ್ಬ ಜೂನಿಯರ್. ತಲೆ ಬೋಳಾಗಿರಲಿ, ಮಗಳ ಮದುವೆಯಾಗಿರಲಿ, ಒಂದು ವರ್ಷ ಮೊದಲು ಸೀಟು ಸಿಕ್ಕಿದವನು ಸಾಯುವ ತನಕ 'ಸರ್'. ಈ ಪದ್ಧತಿ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ನಾನು ಯಾರನ್ನೂ ಸರ್ ಎನ್ನುವವಳಲ್ಲ, ನನ್ನ ಗಂಡ ಕಂಡಕಂಡವರನ್ನೆಲ್ಲ ಸರ್ ಎನ್ನುವವನು. ನಮ್ಮ ಸಂಸಾರ ಹೀಗೇ ನಡೆದುಕೊಂಡು ಬಂದಿದೆ.

ಆ ಶನಿವಾರ ಪರ್ತ್‌ನ ಹ್ಯಾರಿಸ್‌ಡೇಲ್‌ನಲ್ಲಿ ನಮ್ಮ ಮನೆಯ ಅಡುಗೆಕಟ್ಟೆಯ ಮುಂದೆ ನಿಂತು ದೋಸೆಗೆ ರುಬ್ಬುತ್ತಿದ್ದಾಗ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಒಂದು ಪೋಸ್ಟರ್ ಬಂತು. ಅಡಿಲೇಡ್‌ನಲ್ಲಿ ನಡೆಯುವ ಈ ವರ್ಷದ ಕೂಟದಲ್ಲಿ ಸನ್ಮಾನ ಯಾರಿಗೆ ಎಂದು ಅದರಲ್ಲಿತ್ತು. ಕೋಟು ತೊಟ್ಟು, ಕೈಕಟ್ಟಿ, ಗದ್ದ ಎತ್ತಿ ನಿಂತ ಒಬ್ಬ ಮಹಾನುಭಾವ. ಕೆಳಗೆ ಹೊಂಬಣ್ಣದ ಅಕ್ಷರಗಳಲ್ಲಿ 'ಉದ್ಯಮಿ, ನಾಯಕ, ವಲಯ ಕ್ರೀಡಾಕೂಟದ ಸಾವಿರದೈನೂರು ಮೀಟರ್ ಓಟದ ಚಾಂಪಿಯನ್' ಎಂದು ಬರೆದಿತ್ತು.

ಆ ಓಟವನ್ನು ಓಡಿದವನು ನನ್ನ ಗಂಡ. ಪೋಸ್ಟರ್ ಬಂದ ಹೊತ್ತಿಗೆ ಅವನು ಹಿತ್ತಲಲ್ಲಿ ಏಣಿ ಹಾಕಿಕೊಂಡು ಸೂರಿನ ಗಟರಿನಿಂದ ಒಣಗಿದ ಎಲೆ ತೆಗೆಯುತ್ತಿದ್ದ. ಆ ವಾರದಲ್ಲಿ ಅದನ್ನು ಮೊದಲೂ ಒಮ್ಮೆ ತೆಗೆದಾಗಿತ್ತು. ಕೆಲಸ ಕಳೆದುಕೊಂಡ ಗಂಡಸು ಮನೆಯನ್ನು ಎಷ್ಟು ಸಲ ಗುಡಿಸಬಲ್ಲ ಎಂಬುದನ್ನು ಆ ದಿನಗಳಲ್ಲಿ ನಾನು ನೋಡಿದೆ.

ನಮ್ಮ ವಲಯ ಎಂದರೆ ಏನೆಂದು ಸ್ವಲ್ಪ ಹೇಳಬೇಕು. ನಾವು ಓದುವಾಗ ವಿಶ್ವವಿದ್ಯಾಲಯದವರು ಆಟೋಟಗಳಿಗಾಗಿ ಎಂಜಿನಿಯರಿಂಗ್ ಕಾಲೇಜುಗಳನ್ನು ವಲಯಗಳಾಗಿ ಹಂಚಿದ್ದರು. ನಮ್ಮ ವಲಯದ ಕಾಲೇಜುಗಳು ವರ್ಷಕ್ಕೊಮ್ಮೆ ಒಂದೇ ಮೈದಾನದಲ್ಲಿ ಸೇರಿ, ಓಡಿ, ನೆಗೆದು, ಕೊನೆಗೆ ಕಬಡ್ಡಿಯ ತೀರ್ಪಿಗಾಗಿ ಹೊಡೆದಾಡಿಕೊಂಡು ಬಸ್ಸು ಹತ್ತುತ್ತಿದ್ದವು. ಈಗ ಅದೇ ಕಾಲೇಜುಗಳ ಹಳಬರು ಪರ್ತ್, ಬ್ರಿಸ್ಬೇನ್, ಅಡಿಲೇಡ್‌ಗಳಲ್ಲಿ ಬೀಡುಬಿಟ್ಟು, ಸಂಘ ಕಟ್ಟಿಕೊಂಡು, ಸರದಿಯ ಪ್ರಕಾರ ಒಂದೊಂದು ವರ್ಷ ಒಂದೊಂದು ಊರಿನಲ್ಲಿ ಕೂಟ ನಡೆಸುತ್ತಾರೆ. ಅಲ್ಲಿ ಆಟಕ್ಕಿಂತ ಊಟ ಹೆಚ್ಚು, ಊಟಕ್ಕಿಂತ ಭಾಷಣ ಹೆಚ್ಚು.

ಸಭಾಂಗಣದ ಗೋಡೆಯ ಉದ್ದಕ್ಕೂ ಕಾಲೇಜಿಗೊಂದರಂತೆ ಬ್ಯಾನರ್ ಕಟ್ಟುತ್ತಾರೆ, 'ನಮ್ಮ ಹೆಮ್ಮೆಯ ಹಳೆಯ ವಿದ್ಯಾರ್ಥಿಗಳು' ಎಂದು. ಯಾರ ಬ್ಯಾನರಿನಲ್ಲಿ ಎಷ್ಟು ದೊಡ್ಡವರಿದ್ದಾರೆ ಎಂಬುದೇ ಈಗ ನಮ್ಮ ವಲಯದ ಕ್ರೀಡೆ. ಒಂದು ಕಾಲೇಜಿನವರು ಮೂರನೇ ಸೆಮಿಸ್ಟರಿಗೇ ಪುಸ್ತಕ ಎಸೆದು ಹೋದ ಸಿನಿಮಾ ನಟನೊಬ್ಬನನ್ನು ತಮ್ಮವನೆಂದು ಹಾಕಿಕೊಂಡಿದ್ದರು. ಅವನು ಪಿಯುಸಿ ಓದಿದ್ದು ನಮ್ಮ ಕ್ಯಾಂಪಸ್ಸಿನಲ್ಲೇ ಎಂದು ಪಕ್ಕದ ಕಾಲೇಜಿನವರೂ ಅವನನ್ನೇ ಹಾಕಿದರು. ಒಂದೇ ಮುಖ ಎರಡು ಬ್ಯಾನರುಗಳಿಂದ ನಗುತ್ತಿತ್ತು. ನನ್ನ ಕಾಲೇಜಿನ ಬ್ಯಾನರಿನಲ್ಲಿ ಒಬ್ಬಳೇ ಹೆಂಗಸು, ಅಮೆರಿಕದಲ್ಲೆಲ್ಲೋ ದೊಡ್ಡ ಹುದ್ದೆಯಲ್ಲಿದ್ದಾಳೆ. ತಾನು ಇಲ್ಲಿ ವರ್ಷವರ್ಷವೂ ಗೋಡೆಗೆ ನೇತಾಡುತ್ತಿದ್ದೇನೆಂದು ಆಕೆಗೆ ಗೊತ್ತೋ ಇಲ್ಲವೋ. ನಾನು ಕೌನ್ಸಿಲ್ ಆಫೀಸಿನಲ್ಲಿ ಮಳೆನೀರಿನ ಚರಂಡಿಗಳ ನಕ್ಷೆ ಮಾಡುವವಳು. ಚರಂಡಿಯವಳನ್ನು ಯಾರು ಬ್ಯಾನರಿಗೆ ಹಾಕುತ್ತಾರೆ? ನನಗೆ ಹೊಟ್ಟೆಯುರಿ ಇಲ್ಲ ಎಂದರೆ ಸುಳ್ಳಾಗುತ್ತದೆ. ಇದೆ, ಚೆನ್ನಾಗಿಯೇ ಇದೆ. ಆದರೆ ಈ ಸಲದ ಉರಿ ಅದಲ್ಲ.

ನಾನು ಆ ಓಟವನ್ನು ಕಣ್ಣಾರೆ ಕಂಡವಳು. ನಾನು ಗುಂಡು ಎಸೆಯುವವಳು, ಬೇರೆ ಕಾಲೇಜಿನವಳು. ನನ್ನ ಸರದಿ ಮುಗಿದು, ಕುತ್ತಿಗೆಗೆ ಮೆತ್ತಿದ ಮಣ್ಣು ಒರೆಸಿಕೊಳ್ಳುತ್ತಾ ಬೇಲಿಯ ಹತ್ತಿರ ನಿಂತಿದ್ದೆ. ಕಡ್ಡಿಯಂತಹ ಹುಡುಗನೊಬ್ಬ ಕ್ಯಾನ್ವಾಸ್ ಶೂ ಹಾಕಿಕೊಂಡು ಮೊದಲ ಸುತ್ತಿನಲ್ಲಿ ಎಲ್ಲರಿಗಿಂತ ಹಿಂದಿದ್ದ. ಕೊನೆಯ ಸುತ್ತಿನ ಗಂಟೆ ಬಾರಿಸಿದಾಗ ಅವನು ಹೊರಗಿನಿಂದ ಒಬ್ಬೊಬ್ಬರನ್ನೇ ದಾಟುತ್ತಾ ಬಂದ ರೀತಿಗೆ ನಾನು ಯಾವ ಕಾಲೇಜಿನವಳೆಂಬುದನ್ನೇ ಮರೆತು ಕಿರುಚಿದೆ. ಮೈಕಿನಲ್ಲಿ ಗೆದ್ದವನ ಹೆಸರು ಕೂಗಿದರು. ನನಗೆ ಆಗಲೂ ಸಂಕೋಚ ಕಡಿಮೆ. ನೇರವಾಗಿ ಹೋಗಿ ಆ ಹೆಸರು ಹಿಡಿದು ಕರೆದು, "ಸೂಪರ್ ಆಗಿ ಓಡಿದ್ರಿ" ಎಂದೆ.

ಅವನು ಮೊಣಕಾಲಿನ ಮೇಲೆ ಕೈಯೂರಿ ಏದುಸಿರು ಬಿಡುತ್ತಿದ್ದ. ತಲೆ ಎತ್ತಿ ನೋಡಿ, ಕಳ್ಳನ ಹಾಗೆ ಸುತ್ತಮುತ್ತ ನೋಡಿ, "ಅದು ನನ್ನ ಹೆಸ್ರಲ್ಲ. ದಯವಿಟ್ಟು ಯಾರ್ಗೂ ಹೇಳ್ಬೇಡಿ," ಎಂದ.

ನನ್ನ ಗಂಡ ನನ್ನೊಡನೆ ಆಡಿದ ಮೊದಲ ಮಾತು ಅದು. ಅವನು ಗಣಿತದಲ್ಲಿ ಮುಗ್ಗರಿಸಿ ಒಂದು ವರ್ಷ ಹಿಂದುಳಿದಿದ್ದ. ಇಯರ್ ಬ್ಯಾಕ್ ಆದವನ ಹೆಸರು ಆ ವರ್ಷದ ಹಾಜರಿಯಲ್ಲಿ ಇರುವುದಿಲ್ಲ, ಹಾಗಾಗಿ ಕಾಲೇಜಿನ ಪರವಾಗಿ ಓಡುವ ಹಾಗಿಲ್ಲ. ಆದರೆ ಅವರ ಕಾಲೇಜಿಗೆ ಪಾಯಿಂಟುಗಳು ಬೇಕಿದ್ದವು. ಕ್ರೀಡಾ ಕಾರ್ಯದರ್ಶಿಯಾಗಿದ್ದ ಸೀನಿಯರ್, ಅಂದರೆ ಈ ಪೋಸ್ಟರಿನ ಮಹಾನುಭಾವ, ಒಂದು ಉಪಾಯ ಮಾಡಿದ. "ಕ್ಲಾಸಲ್ಲಿ ಪ್ರಾಕ್ಸಿ ಕೊಡಲ್ವೇನೋ? ಹಂಗೇ ಗ್ರೌಂಡಲ್ಲೂ ಕೊಡು. ನನ್ನ ನಂಬರ್ ಕಟ್ಕೋ, ನನ್ನ ಹೆಸ್ರಲ್ಲಿ ಓಡು," ಎಂದ. ಬಾರದವನ ಪರವಾಗಿ ಇನ್ನೊಬ್ಬ 'ಪ್ರೆಸೆಂಟ್ ಸರ್' ಎಂದು ಕೂಗುವುದಕ್ಕೆ ನಮ್ಮ ಕಾಲೇಜುಗಳಲ್ಲಿ ಪ್ರಾಕ್ಸಿ ಎನ್ನುತ್ತಿದ್ದರು. ಅದನ್ನು ಯಾರೂ ಮೋಸವೆಂದು ಎಣಿಸುತ್ತಿರಲಿಲ್ಲ, ಸ್ನೇಹವೆಂದು ಎಣಿಸುತ್ತಿದ್ದರು. ಕೊಡದವನನ್ನೇ ಕೆಟ್ಟವನೆನ್ನುತ್ತಿದ್ದರು.

ಹಾಗೆ ಪದಕವೂ ಪ್ರಮಾಣಪತ್ರವೂ ಸೆಕ್ರೆಟರಿಯ ಪಾಲಾದವು. ಅಷ್ಟಕ್ಕೇ ನಿಂತಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆನೋ ಏನೋ. ಆದರೆ ಅವನು ಆ ಪ್ರಮಾಣಪತ್ರ ಹಿಡಿದುಕೊಂಡು ಕ್ರೀಡಾ ಕೋಟಾದಲ್ಲಿ ಎಂ.ಟೆಕ್. ಸೀಟು ಹೊಡೆದ. ಆ ಎಂ.ಟೆಕ್.ನಿಂದ ಒಳ್ಳೆಯ ಕೆಲಸ, ಆ ಕೆಲಸದಿಂದ ಆಸ್ಟ್ರೇಲಿಯಾ, ಆಸ್ಟ್ರೇಲಿಯಾದಲ್ಲಿ ಸ್ವಂತ ಕಂಪನಿ. ಗಣಿಗಳ ಯಂತ್ರಗಳನ್ನು ನೋಡಿಕೊಳ್ಳುವ ಅವನ ಆಫೀಸು ಬ್ರಿಸ್ಬೇನ್‌ನಲ್ಲಿದೆ. ಓಡಿದವನು ಮಾತ್ರ ಸಣ್ಣಪುಟ್ಟ ಕಾರ್ಖಾನೆಗಳಲ್ಲಿ ಗ್ರೀಸು ಮೆತ್ತಿಕೊಂಡು, ಎಷ್ಟೋ ವರ್ಷಗಳ ಮೇಲೆ ಸ್ಕಿಲ್ಡ್ ವೀಸಾ ಹಿಡಿದು ಪರ್ತಿಗೆ ಬಂದ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂದು ಸುಮ್ಮನೆ ಹೇಳುತ್ತಾರೆಯೇ?

ಉತ್ತರದ ಕಬ್ಬಿಣದ ಗಣಿಯಲ್ಲಿ ಅವನಿಗಿದ್ದ ಕೆಲಸ ಆ ವರ್ಷ ಮುಗಿದುಹೋಗಿತ್ತು. ಎರಡು ವಾರ ಗಣಿ, ಒಂದು ವಾರ ಮನೆ ಎಂದು ವರ್ಷಗಟ್ಟಲೆ ವಿಮಾನ ಹತ್ತಿ ಇಳಿದವನಿಗೆ ಈಗ ಎಲ್ಲ ವಾರವೂ ಮನೆಯೇ. ಐವತ್ತರ ಹತ್ತಿರ ಬಂದವನ ಅರ್ಜಿಗೆ ಉತ್ತರವೂ ಬರುತ್ತಿರಲಿಲ್ಲ. ಒಂದನ್ನು ಮಾತ್ರ ಅವನು ಬಿಟ್ಟಿರಲಿಲ್ಲ, ಬೆಳಗಿನ ಓಟ. ಬಿಸಿಲೇರುವ ಮೊದಲು ಎದ್ದು, ನಮ್ಮ ಬಡಾವಣೆಯ ರಸ್ತೆಗಳನ್ನೆಲ್ಲ ಸುತ್ತಿ, ಬೆವರು ಸುರಿಸುತ್ತಾ ಬರುತ್ತಿದ್ದ. ದಿನದ ಆ ಒಂದು ಹೊತ್ತು ಅವನ ಮುಖ ನೋಡುವ ಹಾಗಿರುತ್ತಿತ್ತು.

ಪೋಸ್ಟರನ್ನು ಅವನ ಏಣಿಯ ಕೆಳಗೆ ಹೋಗಿ ತೋರಿಸಿದೆ. "ನೋಡು, ನಿನ್ನ ಓಟಕ್ಕೆ ಶಾಲು ಹೊದಿಸ್ತಾರಂತೆ. ಯಾರಿಗೋ."

ಅವನು ಕನ್ನಡಕ ಸರಿಮಾಡಿಕೊಂಡು ಓದಿ, "ಹೂಂ, ಸರ್ ಫೋನ್ ಮಾಡಿದ್ರು," ಎಂದ.

"ಯಾವಾಗ?"

"ನಿನ್ನೆ. ಬ್ರಿಸ್ಬೇನ್ ಆಫೀಸಲ್ಲಿ ಒಂದು ಪೊಸಿಷನ್ ಇದ್ಯಂತೆ. ಅಡಿಲೇಡ್‌ಗೆ ಬಾರೋ, ಅಲ್ಲೇ ಮಾತಾಡೋಣ ಅಂದ್ರು."

"ಅದಕ್ಕೇನಂದೆ?"

"ಬರ್ತೀನಿ ಸರ್ ಅಂದೆ." ಒಂದು ಹಿಡಿ ಎಲೆ ಕೆಳಗೆ ಎಸೆದು, ನನ್ನ ಮುಖ ನೋಡದೆ ಹೇಳಿದ: "ಅಲ್ಲಿ ಬಂದು ಏನೂ ಅಂದ್ಬಿಡ್ಬೇಡ ಕಣೇ. ಇದೊಂದೇ ಇರೋದು ಈಗ."

ನನ್ನ ಬಾಯಿಯ ಬಗ್ಗೆ ಅವನಿಗೆ ಹೆದರಿಕೆ ಇದ್ದದ್ದು ಸಹಜ. ನಾನು ಮಾತು ಕೊಟ್ಟೆ. ಕೊಟ್ಟ ಕ್ಷಣದಿಂದ ಗಂಟಲಲ್ಲಿ ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಅಡಿಲೇಡ್‌ನ ಸಭಾಂಗಣ ನಮ್ಮವರು ಎಲ್ಲ ಊರಿನಲ್ಲೂ ಬಾಡಿಗೆಗೆ ಹಿಡಿಯುವಂಥದ್ದೇ, ಮಡಚುವ ಕುರ್ಚಿಗಳು, ಸದ್ದು ಮಾಡುವ ಏಸಿ, ಅಡುಗೆಮನೆಯಿಂದ ಬಿಸಿಬೇಳೆಬಾತಿನ ವಾಸನೆ. ಬಾಗಿಲಲ್ಲೇ ಮೇಜಿನ ಮೇಲೆ ಕೆಂಪು ಬಟ್ಟೆ ಹಾಸಿ, ಅದರ ಮೇಲೆ ಆ ಪದಕ ಇಟ್ಟಿದ್ದರು. ಹಿತ್ತಾಳೆಯದು, ರಿಬ್ಬನ್ನು ಬಣ್ಣಗೆಟ್ಟಿತ್ತು. ಬಂದವರೆಲ್ಲ ಅದನ್ನು ನೋಡಿ "ವಾವ್" ಎಂದು ಒಳಗೆ ಹೋಗುತ್ತಿದ್ದರು. ನನ್ನ ಗಂಡನೂ ನೋಡಿದ. ಪಕ್ಕದವರ ಮನೆಯ ಮಗುವನ್ನು ನೋಡುವ ಹಾಗೆ ನೋಡಿ, ಮುಂದೆ ಹೋದ. ನನಗೆ ಕೈ ತುರಿಸಿತು. ಕೈಯಲ್ಲಿ ಗುಂಡು ಇಲ್ಲದ್ದು ಆ ಸಂಘದವರ ಪುಣ್ಯ.

ಸೆಕ್ರೆಟರಿ ಬಂದ. ಹೊಟ್ಟೆ ಮೊದಲು, ಆಮೇಲೆ ಅವನು ಎಂದು ಹೇಳಿದರೆ ಹೊಟ್ಟೆಯುರಿಗೆ ಹೇಳಿದೆನೆಂದಾರು. ನಿಜ ಹೇಳಬೇಕೆಂದರೆ ಮೈ ಚೆನ್ನಾಗಿಯೇ ಇಟ್ಟುಕೊಂಡಿದ್ದ. ನನ್ನ ಗಂಡನ ಬೆನ್ನಿಗೆ ಫಟೀರೆಂದು ಹೊಡೆದು, "ಏನೋ ಮಗಾ, ಮುದುಕ ಆಗ್ಬಿಟ್ಯಲ್ಲೋ!" ಎಂದ. ನನ್ನ ಕಡೆ ತಿರುಗಿ, "ಏನಮ್ಮಾ ತಂಗಿ, ನಮ್ಮ ಹುಡುಗನ್ನ ಚೆನ್ನಾಗಿ ನೋಡ್ಕೋತಿದೀಯಾ?" ಎಂದ. ನಾನು ಹಲ್ಲು ಕಿರಿದೆ. ಬೇರೆ ಏನು ಮಾಡಿದರೂ ಮಾತು ತಪ್ಪುತ್ತಿತ್ತು.

ಶಾಲು ಹೊದಿಸಿದರು, ಮೈಸೂರು ಪೇಟ ತೊಡಿಸಿದರು, ಗಂಧದ ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು. ಆತ ಮೈಕು ಹಿಡಿದ. ತನ್ನ ಹಾಸ್ಟೆಲ್, ತನ್ನ ಮೊದಲ ಸಂಬಳ, ತನ್ನ ಕಷ್ಟ, ತನ್ನ ದೃಷ್ಟಿಕೋನ, ಎಲ್ಲ ಆಯಿತು. ಆಮೇಲೆ ಪೇಟವನ್ನು ಸ್ವಲ್ಪ ಹಿಂದಕ್ಕೆ ಸರಿಸಿ, ಧ್ವನಿ ಇಳಿಸಿ ಹೇಳಿದ.

"ಫ್ರೆಂಡ್ಸ್, ಇವತ್ತೊಂದು ಕನ್ಫೆಷನ್ ಮಾಡ್ಬೇಕು. ಈ ಫಿಫ್ಟೀನ್ ಹಂಡ್ರೆಡ್ ಮೀಟರ್ಸ್ ಇದೆಯಲ್ಲ, ಇದನ್ನ ನಾನು ಓಡೇ ಇಲ್ಲ!"

ಸಭೆ ತಣ್ಣಗಾಯಿತು. ಇಷ್ಟು ವರ್ಷ ಬಟ್ಟೆ ಒಗೆಯುವಾಗ, ಕಾರು ಓಡಿಸುವಾಗ ಈ ಕ್ಷಣವನ್ನು ನಾನು ಎಷ್ಟು ಸಲ ಕಲ್ಪಿಸಿಕೊಂಡಿದ್ದೆನೆಂದರೆ, ಅದು ಬಂದಾಗ ನಂಬಲಾಗಲಿಲ್ಲ. ಸತ್ಯ ಹೊರಬಿದ್ದ ದಿನ ಈ ಮನುಷ್ಯ ಮುಖ ಮುಚ್ಚಿಕೊಂಡು ಓಡಿಹೋಗುತ್ತಾನೆ ಎಂದುಕೊಂಡಿದ್ದೆ.

"ನಾನು ಅವತ್ತು ಪೆವಿಲಿಯನ್ನಲ್ಲಿ ಕೂತು ಬೋಂಡಾ ತಿಂತಿದ್ದೆ," ಎಂದ ಸೆಕ್ರೆಟರಿ. "ಓಡಿದ್ದು ನನ್ನ ಪ್ರಾಕ್ಸಿ! ಇಲ್ಲೇ ಇದಾನೆ. ಏಯ್ ಪ್ರಾಕ್ಸಿ, ಎದ್ದೇಳೋ!"

ನಗು ಸಿಡಿಯಿತು. ಚಪ್ಪಾಳೆ, ಸಿಳ್ಳೆ. ಅಲ್ಲಿ ಕೂತಿದ್ದವರೆಲ್ಲ ಒಂದಲ್ಲ ಒಂದು ದಿನ ಪ್ರಾಕ್ಸಿ ಕೊಟ್ಟವರೇ, ಕೊಡಿಸಿಕೊಂಡವರೇ. ಪ್ರತಿಯೊಬ್ಬನಿಗೂ ತನ್ನ ಕಾಲೇಜಿನ ಹಿಂದಿನ ಬೆಂಚು ನೆನಪಾಯಿತು. ನನ್ನ ಗಂಡ ಎದ್ದು ನಿಂತ. ಯಾರೋ ಅವನನ್ನು ವೇದಿಕೆಗೆ ತಳ್ಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಕೇಳಿದ್ದೇನೆ. ಈ ಸೆಕ್ರೆಟರಿ ಹೆಗಲ ಮೇಲಿನ ಬೂದಿಯನ್ನು ಎಲ್ಲರಿಗೂ ತೋರಿಸಿ ಚಪ್ಪಾಳೆ ಗಿಟ್ಟಿಸುತ್ತಿದ್ದ.

"ಇದೇ ಲೀಡರ್‌ಶಿಪ್ಪು ಫ್ರೆಂಡ್ಸ್. ಸರಿಯಾದ ಕೆಲ್ಸಕ್ಕೆ ಸರಿಯಾದ ಮನುಷ್ಯನ್ನ ಹುಡ್ಕೋದು. ಡೆಲಿಗೇಷನ್!" ಮತ್ತೆ ನಗು. ಅವನು ನನ್ನ ಗಂಡನ ಹೆಗಲ ಮೇಲೆ ಕೈಹಾಕಿದ. "ಪಾಪ, ಈಗ ಕೆಲ್ಸ ಹೋಗಿದೆ ಇವನಿಗೆ. ಅವತ್ತು ನನಗೋಸ್ಕರ ಇವನು ಓಡಿದ. ಇವತ್ತು ಇವನಿಗೋಸ್ಕರ ನಾನು ಓಡ್ತೀನಿ. ನೆಕ್ಸ್ಟ್ ಮಂತ್‌ನಿಂದ ನಮ್ಮ ಬ್ರಿಸ್ಬೇನ್ ಆಫೀಸಲ್ಲಿ ಇವನು!"

ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕೆಲಸ ಹೋದ ಸುದ್ದಿಯನ್ನು ನಾವು ಪರ್ತ್‌ನಲ್ಲಿ ಪಕ್ಕದ ಮನೆಯವರಿಗೂ ಹೇಳಿರಲಿಲ್ಲ. ಈಗ ಮೂರು ಊರಿಗೆ ಗೊತ್ತಾಯಿತು. ಎಂ.ಟೆಕ್. ಸೀಟಿನ ವಿಷಯ ಮಾತ್ರ ಆ ಕನ್ಫೆಷನ್ನಿನಲ್ಲಿ ಎಲ್ಲೂ ಬರಲಿಲ್ಲ. ನನ್ನ ಪಕ್ಕದಲ್ಲಿ ಕೂತಿದ್ದ, ಬ್ರಿಸ್ಬೇನ್‌ನ ಆಂಟಿಯೊಬ್ಬರು ಕಣ್ಣೊರೆಸಿಕೊಳ್ಳುತ್ತಾ, "ಎಂಥಾ ದೊಡ್ಡ ಮನಸ್ಸು ನೋಡಮ್ಮಾ. ಈಗಿನ ಕಾಲ್ದಲ್ಲಿ ಯಾರು ಹಿಂಗೆ ಒಪ್ಕೋತಾರೆ?" ಎಂದರು. ಆ ಆಂಟಿಯನ್ನು ನಾನು ಈ ಜನ್ಮದಲ್ಲಿ ಕ್ಷಮಿಸುವುದಿಲ್ಲ.

ಮೈಕನ್ನು ನನ್ನ ಗಂಡನ ಬಾಯಿಗೆ ಹಿಡಿದರು. ಅವನು ಕೈಮುಗಿದು, "ಥ್ಯಾಂಕ್ ಯೂ ಸರ್," ಎಂದಷ್ಟೇ ಹೇಳಿ ಇಳಿದ.

ನಮ್ಮ ಮಗಳು ಅಷ್ಟು ಹೊತ್ತೂ ಫೋನಿನಲ್ಲಿ ಮುಳುಗಿದ್ದಳು. ಹೈಸ್ಕೂಲಿನವಳು, ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲೇ. ಅಪ್ಪ ಬಂದು ಪಕ್ಕದಲ್ಲಿ ಕೂತಾಗ ತಲೆ ಎತ್ತಿ ಕೇಳಿದಳು: "ವೇಟ್, ಸೋ ಯು ವನ್?"

ಇಡೀ ಸಭಾಂಗಣದಲ್ಲಿ ಆ ಪ್ರಶ್ನೆ ಕೇಳಿದವಳು ಅವಳೊಬ್ಬಳೇ. ಅವನು ಅವಳ ತಲೆ ಸವರಿದ.

ಮರುದಿನ ಬೆಳಿಗ್ಗೆ ಮೋಟೆಲಿನಲ್ಲಿ, ಮಗಳು ಸ್ನಾನಕ್ಕೆ ಹೋದಾಗ, ಅವನ ಮೇಲೆ ಹರಿಹಾಯ್ದೆ. ಕೊಟ್ಟ ಮಾತಿನ ಗಡುವು ಮುಗಿದಿತ್ತಲ್ಲ.

"ನಿಂಗೆ ಅವಮಾನ ಆಗ್ಲಿಲ್ವಾ?"

"ಆಯ್ತು."

"ಮತ್ತೆ?"

"ಕೆಲ್ಸನೂ ಆಯ್ತು."

"ಆ ಮೆಡಲ್ ಕಿತ್ಕೊಂಡು ಬರ್ಬೇಕಿತ್ತು ನೀನು. ಬೇಡ ಸರ್ ನಿಮ್ಮ ಕೆಲ್ಸ ಅನ್ನಬೇಕಿತ್ತು."

"ಅಂದು?" ಎಂದ. ಚೀಲದ ಜಿಪ್ಪು ಎಳೆಯುತ್ತಿದ್ದವನು ನಿಲ್ಲಿಸಿದ. "ಅಂದು ಮನೇಗೆ ಹೋಗಿ ಮತ್ತೆ ಗಟರ್ ಕ್ಲೀನ್ ಮಾಡ್ಲಾ?"

ಆದರೂ ನಾನು ಬಿಡಲಿಲ್ಲ. "ಅವತ್ತು ಯಾಕೆ ಓಡ್ದೆ ಅವನ ಹೆಸ್ರಲ್ಲಿ? ಬುದ್ಧಿ ಇರ್ಲಿಲ್ವಾ?"

"ಓಡ್ಬೇಕು ಅನ್ನಿಸ್ತಿತ್ತು ಕಣೇ," ಎಂದ. "ನನ್ನ ಹೆಸ್ರಲ್ಲಿ ಬಿಡ್ತಿರ್ಲಿಲ್ಲ. ಯಾರ ಹೆಸ್ರಾದ್ರೇನು, ಓಡೋಕೆ ಬಿಟ್ರಲ್ಲ. ಅಷ್ಟೇ. ಆ ಕೊನೇ ಸುತ್ತು ನಂದೇ. ಅದನ್ನ ಅವರು ತಗೊಂಡಿಲ್ಲ."

ಇಷ್ಟು ವರ್ಷಗಳ ಸಂಸಾರದಲ್ಲಿ ಅವನು ಒಟ್ಟಿಗೆ ಅಷ್ಟು ಮಾತಾಡಿದ್ದು ಅಪರೂಪ. ನನಗೆ ಅವನ ಮೇಲೆ ಪ್ರೀತಿಯೂ ಬಂತು, ಎರಡು ಬಾರಿಸಬೇಕೆಂದೂ ಅನ್ನಿಸಿತು. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಮಗಳು ಸ್ನಾನ ಮುಗಿಸಿ ಹೊರಗೆ ಬಂದಳು.

ನಾವು ಬ್ರಿಸ್ಬೇನ್‌ಗೆ ಹೋದೆವು. ನಾನು ಕೌನ್ಸಿಲ್ ಕೆಲಸ ಬಿಟ್ಟೆ. ನಾರ್ತ್ ಲೇಕ್ಸ್‌ನಲ್ಲಿ ಬಾಡಿಗೆ ಮನೆ, ಮಗಳಿಗೆ ಹೊಸ ಶಾಲೆ, ನನಗೆ ನಡೆದು ಹೋಗುವಷ್ಟು ದೂರದಲ್ಲಿ ದೊಡ್ಡ ಅಂಗಡಿಗಳ ಸಾಲು, ಅಲ್ಲಿ ಕೊಳ್ಳುವುದಕ್ಕೆ ಏನೂ ಇಲ್ಲದ ಮಧ್ಯಾಹ್ನಗಳು. ಹೊಸ ಊರಿನ ಗಾಳಿ ಅಂಟುಅಂಟು. ನನಗೆ ಆ ಊರಿನ ಮೇಲೇ ದ್ವೇಷ ಹುಟ್ಟಿತು. ಊರೇನು ಮಾಡಿತ್ತು, ಪಾಪ.

ಕೆಲಸಕ್ಕೆ ಸೇರಿದ ಮೇಲೆ ಒಂದು ಸಂಜೆ ಅವನ ಸಹೋದ್ಯೋಗಿಯೊಬ್ಬ ಅವನನ್ನು ಮನೆಗೆ ಬಿಡಲು ಬಂದ. ಕೆಂಪು ಮುಖದ, ಒಳ್ಳೆಯ ಸ್ವಭಾವದ ಬಿಳಿಯ ಹುಡುಗ. ಕಾರಿನ ಕಿಟಕಿಯಿಂದ ಕೂಗಿದ: "ಸೀ ಯಾ ಟುಮಾರೊ, ಪ್ರಾಕ್ಸ್!"

"ಯಾರು ಪ್ರಾಕ್ಸ್?" ಎಂದೆ.

"ನಾನೇ," ಎಂದ ನನ್ನ ಗಂಡ, ಶೂ ಬಿಚ್ಚುತ್ತಾ. "ಸರ್ ಆ ಕಥೆ ಫ್ರೈಡೇ ಸಂಜೆ ಆಫೀಸ್ ಬಾರ್ಬೆಕ್ಯೂಲಿ ಎಲ್ರಿಗೂ ಹೇಳಿದಾರೆ. ಇಲ್ಲಿ ಎಲ್ರಿಗೂ ಒಂದೊಂದು ನಿಕ್‌ನೇಮ್ ಇರುತ್ತೆ, ಬಿಡು. ನನ್ನ ಹೆಸ್ರು ಅವರ ಬಾಯಲ್ಲಿ ತಿರುಗಲ್ಲ."

ಅವನ ಹೆಸರು ಮನೆದೇವರದು. ನಮ್ಮತ್ತೆ ಹರಕೆ ಹೊತ್ತು ಇಟ್ಟದ್ದು. ಅದು ತಿರುಗಬೇಕಾದ ಬಾಯಿಗಳಲ್ಲಿ ಈಗ ನನ್ನದೊಂದೇ ಉಳಿಯಿತು, ನಾನೋ ಅವನನ್ನು ಹೆಸರು ಹಿಡಿದು ಕರೆಯುವುದು ಜಗಳದಲ್ಲಿ ಮಾತ್ರ. ಅವತ್ತಿನಿಂದ ಸುಮ್ಮಸುಮ್ಮನೆ ಕರೆಯತೊಡಗಿದೆ. "ಯಾಕೇ, ಏನಾಯ್ತು?" ಎಂದು ಅವನು ಗಾಬರಿಯಿಂದ ಓಡಿ ಬರುತ್ತಿದ್ದ.

ಕಂಪನಿಯವರ ಫ್ಯಾಮಿಲಿ ಡೇ ಫಾರೆಸ್ಟ್ ಲೇಕ್‌ನಲ್ಲಿ ನಡೆಯಿತು. ಮನುಷ್ಯರು ತೋಡಿದ ಕೆರೆ, ಅಂಚಿಗೆ ಹುಲ್ಲು, ಸುತ್ತ ನಡೆಯುವ ದಾರಿ. ಹುಡುಗರ ಓಟ ಆಯಿತು, ಹೆಂಗಸರದು ಆಯಿತು. ಆಮೇಲೆ ನಲವತ್ತೈದು ದಾಟಿದವರ ಓಟ ಎಂದರು. ನನ್ನ ಗಂಡ ಚಪ್ಪಲಿ ಬಿಟ್ಟು ಶೂ ಹಾಕಿಕೊಂಡ. ಸೆಕ್ರೆಟರಿಯೂ ಟೋಪಿ ತೆಗೆದಿಟ್ಟು ಗೆರೆಯ ಹತ್ತಿರ ಬಂದ. "ಇವತ್ತು ನಾನೇ ಓಡ್ತೀನಪ್ಪಾ, ಪ್ರಾಕ್ಸಿ ಬೇಡ," ಎಂದು ಎಲ್ಲರಿಗೂ ಕೇಳುವಂತೆ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಹೇಳಿದ. ನಕ್ಕರು.

ನನ್ನ ರಕ್ತ ಕುದಿಯಿತು, ಜೊತೆಗೇ ಒಂದು ಕೆಟ್ಟ ಖುಷಿಯೂ ಹುಟ್ಟಿತು. ಮೈಕಿನಲ್ಲಿ ಯಾರು ಏನು ಹೇಳಿಕೊಂಡರೂ ಕಾಲಿಗೆ ಸುಳ್ಳು ಹೇಳಿಕೊಡಲಾಗುವುದಿಲ್ಲ. ಈಗ ನೋಡು ಮಗನೇ ಎಂದುಕೊಂಡೆ. ದಿನಾ ಬೆಳಿಗ್ಗೆ ಓಡುವವನು ನನ್ನ ಗಂಡ. ಪ್ರೇಕ್ಷಕರೆಲ್ಲ ಇಲ್ಲೇ ಇದ್ದಾರೆ, ಇವನ ಮಗಳೂ ಇದ್ದಾಳೆ. ಕೊನೆಯ ತಿರುವಿನ ಹುಲ್ಲಿನ ಮೇಲೆ ಅವಳು ಹೋಗಿ ಕೂತಿದ್ದಳು.

ಓಟ ಶುರುವಾಯಿತು. ಅವನು ತನ್ನ ಹಳೆಯ ಪದ್ಧತಿಯಂತೆ ಮೊದಲು ಎಲ್ಲರಿಗಿಂತ ಹಿಂದೆ ಇದ್ದ. ಅರ್ಧ ದಾರಿಯಲ್ಲಿ ಒಬ್ಬೊಬ್ಬರನ್ನೇ ದಾಟತೊಡಗಿದ. ನಾನು ಆ ಬೇಲಿಯ ಹತ್ತಿರ ಕಿರುಚಿದ ಹಾಗೆಯೇ ಕಿರುಚಿದೆ, ಅವನ ನಿಜವಾದ ಹೆಸರು ಹಿಡಿದು. ಉಳಿದವರೆಲ್ಲ "ಗೋ ಪ್ರಾಕ್ಸ್!" ಎನ್ನುತ್ತಿದ್ದರು. ಕೊನೆಯ ತಿರುವಿಗೆ ಬಂದಾಗ ಅವನು ಎಲ್ಲರಿಗಿಂತ ಮುಂದೆ, ಅವನ ಹಿಂದೆ ಸ್ವಲ್ಪ ದೂರದಲ್ಲಿ ಏದುಸಿರು ಬಿಡುತ್ತಾ ಸೆಕ್ರೆಟರಿ, ಉಳಿದವರು ಎಲ್ಲೋ.

ಅಲ್ಲಿ ನನ್ನ ಗಂಡ ಒಮ್ಮೆ ಹಿಂತಿರುಗಿ ನೋಡಿದ.

ಅವನು ಓಡುವಾಗ ಹಿಂತಿರುಗಿ ನೋಡುವವನಲ್ಲ. ನೋಡಿ, ತೊಡೆಯ ಮೇಲೆ ಕೈಯಿಟ್ಟುಕೊಂಡ, ಹೆಜ್ಜೆ ಗಿಡ್ಡವಾಯಿತು. ಸೆಕ್ರೆಟರಿ ಅವನನ್ನು ದಾಟಿ, ಎರಡೂ ಕೈ ಮೇಲೆತ್ತಿ, ಗೆರೆ ಮುಟ್ಟಿ, ಹುಲ್ಲಿನ ಮೇಲೆ ಬಿದ್ದುಕೊಂಡು ನಕ್ಕ. ಎಲ್ಲರೂ ಅವನನ್ನು ಎತ್ತಿ ನಿಲ್ಲಿಸಿದರು. ಎರಡನೆಯವನಾಗಿ ಬಂದ ನನ್ನ ಗಂಡ ಅವನ ಕೈ ಕುಲುಕಿ, "ಸೂಪರ್ ಸರ್," ಎಂದ.

ಯಾರ ಹೆಸರಾದರೇನು, ಓಡಲು ಬಿಟ್ಟರೆ ಸಾಕು ಎಂದಿದ್ದ ಮನುಷ್ಯ. ಆ ಕೊನೆಯ ಸುತ್ತು ಮಾತ್ರ ತನ್ನದು ಎಂದಿದ್ದ. ಅದನ್ನೂ ಕೊಟ್ಟುಬಿಟ್ಟ, ಅದೂ ಯಾರೂ ಕೇಳದೆಯೇ. ನನಗೆ ಅಲ್ಲೇ ಕೂತು ಅಳಬೇಕೆನ್ನಿಸಿತು. ಅತ್ತರೆ ಯಾಕೆಂದು ಕೇಳುತ್ತಾರೆ. ಪೇಪರ್ ತಟ್ಟೆಗಳನ್ನು ಒಟ್ಟುಮಾಡಿ ಕಸದ ಡಬ್ಬಿಗೆ ಹಾಕಿದೆ.

ಮನೆಗೆ ಹೊರಟೆವು. ಅವನು ಓಡಿಸುತ್ತಿದ್ದ, ನಾನು ಪಕ್ಕದಲ್ಲಿ, ಮಗಳು ಹಿಂದೆ. ಪೆಟ್ರೋಲಿಗೆಂದು ಸರ್ವೋದಲ್ಲಿ ನಿಲ್ಲಿಸಿ ಮತ್ತೆ ಹೊರಟಾಗ ಅವಳು ಇಯರ್‌ಫೋನ್ ತೆಗೆದಳು.

"ಡ್ಯಾಡ್, ಯು ಲೆಟ್ ಹಿಮ್ ವಿನ್."

"ಇಲ್ಲ ಪುಟ್ಟಾ," ಎಂದ ಅವನು, ರಸ್ತೆಯಿಂದ ಕಣ್ಣು ತೆಗೆಯದೆ. "ಕಾಲು ಹಿಡ್ಕೊಂಡ್ಬಿಡ್ತು."

"ನೋ, ಇಟ್ ಡಿಡಂಟ್. ಐ ವಾಸ್ ರೈಟ್ ದೇರ್." ಆಮೇಲೆ ನನ್ನ ಕಡೆ ಬಾಗಿದಳು. "ಮಮ್? ಯು ಸಾ ಇಟ್, ರೈಟ್?"

ಸುಳ್ಳು ಹೇಳುವವರನ್ನು ಕಂಡರೆ ನನಗೆ ಆಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಅದಕ್ಕೇ ನನ್ನನ್ನು ಕೇಳಿದಳು. ನನ್ನ ಗಂಡ ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದಿದ್ದ.

"ನೋಡ್ದೆ," ಎಂದೆ. "ಹಿಡ್ಕೊಂಡಿತ್ತು. ಬೆಳಿಗ್ಗೆಯಿಂದ್ಲೂ ಕಾಲು ನೋವು ಅಂತಿದ್ರು ನಿಮ್ಮಪ್ಪ."

ಅವಳು ಕನ್ನಡಿಯಲ್ಲಿ ಒಂದು ಗಳಿಗೆ ನನ್ನನ್ನೇ ನೋಡಿದಳು. "ಓಕೆ," ಎಂದು ಇಯರ್‌ಫೋನನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡು ಕಿಟಕಿಯ ಕಡೆ ತಿರುಗಿದಳು. ಮನೆ ಬರುವ ತನಕ ನಮ್ಮಿಬ್ಬರನ್ನೂ ಅವಳು ಏನೂ ಕೇಳಲಿಲ್ಲ.